ನಮ್ಮ ಗೋಡೆಗೆ ಯಾರ ಚಿತ್ರ?

ಪೆರುಂಗುಡಿಯ ಬೀದಿಗೆ ಮುಖಮಾಡಿರುವ ನಮ್ಮ ಶಾಲೆಯ ಗೋಡೆಗೆ ಈ ವರ್ಷ ಸುಣ್ಣ ಬಳಿಸಿದ ಮೇಲೆ, ಅಲ್ಲಿ ಹಿರಿಯರೊಬ್ಬರ ಚಿತ್ರ ಬರೆಯಿಸಬೇಕೆಂಬ ಮಾತು ಅಧ್ಯಾಪಕರ ಕೊಠಡಿಯಲ್ಲಿ ಹುಟ್ಟಿತು. ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವ, ಸರ್ವಜ್ಞ ಎಂದು ಹೆಸರುಗಳು ಬಂದವು. ಸರ್ವಜ್ಞನಿಗಾದರೋ ಇದೇ ನಗರದ ಅಯನಾವರದಲ್ಲಿ 2009ರಲ್ಲಿಯೇ ಪ್ರತಿಮೆಯಾಗಿದೆ. ನಾವು ಮೇರಿ ಮೆಕ್ಲಿಯಡ್ ಬೆಥೂನ್ ಎಂದೆವು. ಸಹೋದ್ಯೋಗಿಗಳು ನಕ್ಕರು. ಆ ನಗುವಿಗೆ ಉತ್ತರವಾಗಿ ಈ ಲೇಖನ.

ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1875ರಲ್ಲಿ ಹುಟ್ಟಿದ ಈ ಕಪ್ಪು ಜನಾಂಗದ ಮಹಿಳೆಯ ತಂದೆತಾಯಿಗಳು ಒಂದು ಕಾಲಕ್ಕೆ ಗುಲಾಮರಾಗಿದ್ದವರು. ಹದಿನೇಳು ಮಂದಿ ಮಕ್ಕಳಲ್ಲಿ ಈಕೆ ಹದಿನೈದನೆಯವಳು. 1904ರಲ್ಲಿ ಕೈಯಲ್ಲಿ ಒಂದೂವರೆ ಡಾಲರ್ ಇಟ್ಟುಕೊಂಡು, ಡೇಟೋನಾ ಎಂಬಲ್ಲಿ ಐವರು ಬಾಲಕಿಯರೊಡನೆ ಶಾಲೆ ತೆರೆದಳು. ಮರದ ಖಾಲಿ ಪೆಟ್ಟಿಗೆಗಳೇ ಮೇಜು, ಕಾಡುಹಣ್ಣಿನ ರಸವೇ ಶಾಯಿ, ಸುಟ್ಟ ಕಟ್ಟಿಗೆಯ ಚೂರೇ ಪೆನ್ಸಿಲು. ಸಿಹಿಗೆಣಸಿನ ತಿಂಡಿ ಮಾಡಿ ಮಾರಿ ಹಣ ಕೂಡಿಸಿದಳು. ಆ ಶಾಲೆಯೇ ಬೆಳೆದು ಇಂದು ವಿಶ್ವವಿದ್ಯಾಲಯವಾಗಿದೆ. 1935ರಲ್ಲಿ ತನ್ನ ಜನಾಂಗದ ಮಹಿಳೆಯರ ರಾಷ್ಟ್ರೀಯ ಮಂಡಳಿಯನ್ನು ಕಟ್ಟಿದವಳೂ ಈಕೆಯೇ.

ಆ ಮಂಡಳಿಯವರ ಪ್ರಯತ್ನದಿಂದ 1974ರಲ್ಲಿ ವಾಷಿಂಗ್ಟನ್ ನಗರದ ಲಿಂಕನ್ ಉದ್ಯಾನದಲ್ಲಿ ಆಕೆಯ ಕಂಚಿನ ಪ್ರತಿಮೆ ನಿಂತಿತು. ಕೈಯಲ್ಲಿ ಕತ್ತಿಯಿಲ್ಲ, ಕೆಳಗೆ ಕುದುರೆಯಿಲ್ಲ. ವೃದ್ಧೆಯೊಬ್ಬಳು ಇಬ್ಬರು ಮಕ್ಕಳಿಗೆ ತನ್ನ ಬರಹವನ್ನು ನೀಡುತ್ತಿದ್ದಾಳೆ, ಅಷ್ಟೆ. ಅದೇ ಉದ್ಯಾನದಲ್ಲಿ 1876ರಿಂದ ಲಿಂಕನ್ನನ ಪ್ರತಿಮೆಯಿತ್ತು. ಅವನ ಕಾಲ ಬಳಿ ಬಿಡುಗಡೆ ಹೊಂದಿದ ಗುಲಾಮನೊಬ್ಬ ಮಂಡಿಯೂರಿದ್ದಾನೆ. ಈಕೆಯ ಪ್ರತಿಮೆ ಬಂದಾಗ ಲಿಂಕನ್ನನನ್ನೇ ಈಕೆಯ ಕಡೆಗೆ ತಿರುಗಿಸಿ ನಿಲ್ಲಿಸಿದರು. ಮಂಡಿಯೂರಿದವನ ಮೊಮ್ಮಕ್ಕಳು ಎದ್ದು ನಿಂತು ಪುಸ್ತಕಕ್ಕೆ ಕೈಚಾಚುವುದನ್ನು ಆ ಮಹಾಪುರುಷ ಈಗ ನೋಡಬೇಕಾಗಿದೆ.

2022ರಲ್ಲಿ ಫ್ಲಾರಿಡಾ ರಾಜ್ಯವು, ಗುಲಾಮಗಿರಿಯ ಪಕ್ಷದಲ್ಲಿ ಕಾದಿದ ಸೇನಾನಿಯೊಬ್ಬನ ಪ್ರತಿಮೆಯನ್ನು ಸಂಸತ್ ಭವನದಿಂದ ತೆಗೆಸಿ ಆ ಸ್ಥಾನದಲ್ಲಿ ಈಕೆಯನ್ನು ನಿಲ್ಲಿಸಿತು. ರಾಜ್ಯಗಳು ಅಲ್ಲಿಗೆ ಕಳುಹಿಸಿದ ಪ್ರತಿಮೆಗಳಲ್ಲಿ ಕಪ್ಪು ಜನಾಂಗದವರದು ಇದೇ ಮೊದಲನೆಯದು. ಆದರೆ ಅದು ಬಿಳಿಯ ಅಮೃತಶಿಲೆ! ಕೈಯಲ್ಲಿರುವ ಗುಲಾಬಿ ಮಾತ್ರ ಕಪ್ಪು. ನಮಗೇನೋ ಕಂಚಿನದೇ ಹೆಚ್ಚು ಹಿಡಿಸಿತು. ಬೇಲೂರಿನ ಮದನಿಕೆಯರ ಮೈಬಣ್ಣವನ್ನು ಕಂಡ ಯಾವ ಕನ್ನಡಿಗನು ಕಪ್ಪಿಗೆ ಚೆಲುವಿಲ್ಲವೆಂದಾನು? ಅವರು ಮೂಡಿದ್ದು ಬಳಪದ ಕಲ್ಲಿನಲ್ಲಿ, ನಮ್ಮ ಹಿರಿಯರು ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪದ ಕಲ್ಲಿನಲ್ಲಿ.

ಕಳೆದ ವರ್ಷ ಐದನೆಯ ತರಗತಿಯವರಿಗೆ ತಮ್ಮ ತಮ್ಮ ಮುಖವನ್ನು ಚಿತ್ರಿಸಲು ಹೇಳಿದ್ದೆವು. ಕಪ್ಪು ಬಣ್ಣದ ಬಾಲಕಿಯೊಬ್ಬಳು ತನ್ನ ಮುಖಕ್ಕೆ ತಿಳಿಗುಲಾಬಿ ಬಣ್ಣ ತುಂಬಿದ್ದಳು. ಏಕಮ್ಮಾ ಎಂದು ಕೇಳಿದರೆ, "ಚಿತ್ರದಲ್ಲಾದರೂ ಚೆನ್ನಾಗಿರಲಿ, ಸಾರ್" ಎಂದಳು. ತರಗತಿ ನಕ್ಕಿತು. ಆಕೆಯೂ ನಕ್ಕಳು. ಆ ದಿನ ನಮಗೆ ಪಾಠ ಮುಂದುವರಿಸಲಾಗಲಿಲ್ಲ. ಅವಳಿಗೆ ಏನೂ ಹೇಳದೆ ಗಂಟೆ ಬಾರಿಸುವವರೆಗೆ ಕಿಟಕಿಯ ಬಳಿ ನಿಂತುಬಿಟ್ಟೆವು. ಅದು ನಮ್ಮ ತಪ್ಪು.

ನಮ್ಮ ದೇಶದಲ್ಲಿ ಅಂಥವರಿಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಇದ್ದಾರೆ. 1848ರಲ್ಲಿ ಪುಣೆಯಲ್ಲಿ ಬಾಲಕಿಯರಿಗೆ ಅಕ್ಷರ ಕಲಿಸಿದ ಸಾವಿತ್ರಿಬಾಯಿ ಫುಲೆಯವರನ್ನು ಬೆಥೂನಳ ಪಕ್ಕದಲ್ಲಿಯೇ ಬರೆಯಿಸೋಣ. ಅವರ ಪತಿ ಜೋತಿರಾವ್ ಫುಲೆಯವರು 1873ರ ತಮ್ಮ 'ಗುಲಾಮಗಿರಿ' ಗ್ರಂಥವನ್ನು ಅರ್ಪಿಸಿದ್ದು, ಕಪ್ಪು ಜನರನ್ನು ದಾಸ್ಯದಿಂದ ಬಿಡಿಸಿದ ಅಮೆರಿಕದವರಿಗೆ. ನೆಂಟಸ್ತಿಕೆ ಹಳೆಯದೇ, ನಾವು ಹೊಸದಾಗಿ ಹೊಸೆದುದಲ್ಲ.

ಗೋಡೆ ಇನ್ನೂ ಖಾಲಿಯಿದೆ. ನಿಮ್ಮ ಅಭಿಪ್ರಾಯವನ್ನು ಬೇಸಗೆಯ ರಜೆಗೆ ಮುನ್ನ ಬರೆದು ಅಧ್ಯಾಪಕರ ಕೊಠಡಿಗೆ ತಲುಪಿಸಿರಿ. ಗೋಡೆಯ ಬುಡದಲ್ಲಿ ಮಕ್ಕಳ ಚಿತ್ರಗಳಿಗೆಂದು ಎರಡಡಿ ಜಾಗ ಬಿಡಿಸುವಂತೆ ಕೇಳಿದ್ದೇವೆ; ಈಗ ಆರನೆಯ ತರಗತಿಯಲ್ಲಿರುವ ಆ ಬಾಲಕಿಗೆ ಮೊದಲನೆಯ ಕುಂಚ ಕೊಡಬೇಕೆಂದಿದ್ದೇವೆ.