ಡಚ್ಚರ ನಾಯಿ ಮತ್ತು ನಮ್ಮ ಕಾಳಿ

ನಾನು ತಿರುವನಂತಪುರದ ಪಟ್ಟಂನಲ್ಲಿ ಮನೆ ಮಾಡಿದ ಮೇಲೆ ಊರಿಂದ ಬರುವ ನೆಂಟರ ಪಟ್ಟಿ ಬಾಯಿಪಾಠವಾಗಿದೆ: ಪದ್ಮನಾಭ, ಕೋವಳಂ, ಕೊಚ್ಚಿಯ ಮಟ್ಟಾಂಚೇರಿ. ಈಗ ಇನ್ನೊಂದು ಸೇರಿದೆ. "ಚಿಕ್ಕಪ್ಪ, ಅಲ್ಲಿ ಡಚ್ಚರ ಕಾಲದ ಉಣ್ಣೆ ಟ್ಯಾಪೆಸ್ಟ್ರಿ ಸಿಗುತ್ತಂತಲ್ಲ, ನಾಯಿಗಳು ಹಂದಿ ಅಟ್ಟಿಸಿಕೊಂಡು ಹೋಗೋದು? ಹಾಲ್‌ಗೆ ಒಂದು ಬೇಕಿತ್ತು."

ಬೇಡ ಅಂದರೆ ಚಿಕ್ಕಪ್ಪನಿಗೆ ಕಲೆ ಗೊತ್ತಿಲ್ಲ ಅಂತಾರೆ. ಇರಲಿ ಸ್ವಾಮಿ. ಜೀವಮಾನವಿಡೀ ಬ್ಯಾಂಕಿನಲ್ಲಿ ಸಾಲದ ಕಾಗದ ನೋಡಿದವನಿಗೆ ದಾಖಲೆ ಇಲ್ಲದ ಆಸ್ತಿ ಆಸ್ತಿಯೇ ಅಲ್ಲ.

ಹೆಸರನ್ನೇ ನೋಡಿ. ಮಟ್ಟಾಂಚೇರಿಯ 'ಡಚ್ ಅರಮನೆ' ಕಟ್ಟಿಸಿದ್ದು ಪೋರ್ಚುಗೀಸರು, 1555ರ ಸುಮಾರಿಗೆ, ಕೊಚ್ಚಿ ರಾಜನಿಗಾಗಿ. 1663ರಲ್ಲಿ ಊರು ಹಿಡಿದ ಡಚ್ಚರು ರಿಪೇರಿ ಮಾಡಿಸಿದರು, ಹೆಸರು ಅವರದಾಯಿತು. ಒಳಗೆ ಗೋಡೆಯ ಮೇಲಿರುವುದು ರಾಮಾಯಣ! ಅರಮನೆಗೇ ಹೀಗಾದರೆ ಅಂಗಡಿಯ ಬಟ್ಟೆಗೆ 'ಡಚ್' ಚೀಟಿ ಅಂಟಿಸುವುದು ಎಷ್ಟು ಹೊತ್ತಿನ ಕೆಲಸ?

ಅಸಲಿ ಮಾಲು ಇಲ್ಲವೆಂದಲ್ಲ. ಆಂಟ್‌ವರ್ಪ್‌ನಿಂದ ಡೆಲ್ಫ್ಟ್‌ಗೆ ಬಂದ ಫ್ರಾನ್ಸ್ವಾ ಸ್ಪಿರಿಂಗ್ (ಅವನೂ ನಮ್ಮಂತೆ ಊರು ಬಿಟ್ಟವನೇ) 1590ರ ದಶಕದಿಂದ ಬೇಟೆಯ ದೇವತೆ ಡಯಾನಾಳ ಕತೆ ನೇಯಿಸಿದ. ಅವುಗಳಲ್ಲಿ ಕೆಲವು ಆಮ್‌ಸ್ಟರ್‌ಡಾಂನ ರೈಕ್ಸ್ ಮ್ಯೂಸಿಯಂನಲ್ಲಿವೆ. ಕೈನೇಯ್ಗೆಯಲ್ಲಿ ಬಣ್ಣದ ಹೊಕ್ಕು ತನ್ನ ಜಾಗದಲ್ಲೇ ಹೋಗಿ ತಿರುಗುತ್ತದೆ. ಯಂತ್ರದಲ್ಲಿ ನೇಯ್ದದ್ದನ್ನು ಮಗುಚಿದರೆ ಎಳೆಗಳು ಅಂಚಿಂದ ಅಂಚಿಗೆ ಪಟ್ಟೆಪಟ್ಟೆಯಾಗಿ ಓಡಿರುತ್ತವೆ. ನಮ್ಮವರು ಮಗುಚುವುದೇ ಇಲ್ಲ. ಸೀರೆಯಾದರೆ ನಾಲ್ಕು ಸಲ ಮಗುಚುತ್ತಾರೆ.

ಮುನ್ನೂರು ಮಳೆಗಾಲ ಈ ಕರಾವಳಿಯಲ್ಲಿ ಉಣ್ಣೆ ಬೂಷ್ಟು ಹಿಡಿಯದೆ, ನುಸಿ ತಿನ್ನದೆ ಹೊಸದರಂತೆ ಉಳಿಯಿತೇ ಎಂದೂ ಕೇಳುವುದಿಲ್ಲ. 1972ರ ಪುರಾವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ಪುರಾವಸ್ತುವಿನ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ತೋರಿಸು ಅನ್ನಿ. ತೋರಿಸದಿದ್ದರೆ ಮಾಲು ಹಳತಲ್ಲ, ಇಲ್ಲವೇ ವ್ಯಾಪಾರ ನೆಟ್ಟಗಿಲ್ಲ. ಎರಡರಲ್ಲಿ ಯಾವುದಕ್ಕೆ ನಿಮ್ಮ ಪಿ.ಎಫ್. ದುಡ್ಡು ಸುರಿಯುತ್ತೀರಿ?

ಬೇಟೆ ನಾಯಿಯೇ ಬೇಕೆ? ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿದೆ, ಕ್ರಿ.ಶ. 949-50ರದ್ದು. ಗಂಗ ಬೂತುಗನ ಕಡೆಯ ಮಣಲೆರ, ಮೆಚ್ಚಿದ ರಾಷ್ಟ್ರಕೂಟ ಮೂರನೇ ಕೃಷ್ಣನಿಂದ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಕಾಳಿ ಹಂದಿಯೊಡನೆ ಕಾದಾಡಿ ಎರಡೂ ಸತ್ತವು. ಆ ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ನಾಯಿ-ಹಂದಿಯ ಕೆತ್ತನೆ, ಜೊತೆಗೆ ಕನ್ನಡ ಶಾಸನ. ಕಲ್ಲು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ್ದು. ಮಟ್ಟಾಂಚೇರಿಯಲ್ಲಿ ಚೌಕಾಸಿ ಮಾಡುವ ಬೆಂಗಳೂರಿನವರಲ್ಲಿ ಅದನ್ನು ನೋಡಿದವರು ನನಗೆ ಇನ್ನೂ ಒಬ್ಬರೂ ಸಿಕ್ಕಿಲ್ಲ.