ಅನುಭವ ಬೇಕಂತೆ, ವಯಸ್ಸು ಮಾತ್ರ ಬೇಡವಂತೆ!

ಮಕ್ಕಳು ಹೈಸ್ಕೂಲು ಮುಟ್ಟಿದರು, ಇನ್ನಾದರೂ ಮತ್ತೆ ಕೆಲಸಕ್ಕೆ ಹೋಗೋಣ ಅಂತ ಜಾಹೀರಾತು ನೋಡುತ್ತೀರಿ. 'ಐದು ವರ್ಷ ಅನುಭವ ಅಗತ್ಯ' ಅಂತಿದೆ. ನಿಮಗೆ ಲೆಕ್ಕಪತ್ರ ಬರೆದ ಎಂಟು ವರ್ಷದ ಅನುಭವವಿದೆ. ಖುಷಿಯಿಂದ ಮುಂದಿನ ಸಾಲು ಓದಿದರೆ, 'ವಯಸ್ಸು 35 ಮೀರಿರಬಾರದು'. ಅಲ್ಲಿಗೆ ಮುಗೀತು.

ಇದನ್ನು ತಡೆಯೋ ಕಾನೂನು ಇಲ್ವಾ ಅಂತ ಕೇಳಬಹುದು. ಸಂವಿಧಾನದ 16ನೇ ವಿಧಿ ಸರ್ಕಾರಿ ಉದ್ಯೋಗದಲ್ಲಿ ಧರ್ಮ, ಜಾತಿ, ಲಿಂಗದ ಹೆಸರಿನಲ್ಲಿ ತಾರತಮ್ಯ ಬೇಡ ಅನ್ನುತ್ತದೆ. ಆ ಪಟ್ಟಿಯಲ್ಲಿ ವಯಸ್ಸು ಇಲ್ಲ. ಖಾಸಗಿಯವರನ್ನು ತಡೆಯಲೂ ಪ್ರತ್ಯೇಕ ಕಾಯ್ದೆಯಿಲ್ಲ. ಅಮೆರಿಕದಲ್ಲಿ 40 ದಾಟಿದವರ ರಕ್ಷಣೆಗೆ 1967ರಲ್ಲೇ ಕಾಯ್ದೆ ಬಂತು. ನಮ್ಮಲ್ಲಿ ಸರ್ಕಾರವೇ ಗೆರೆ ಎಳೆದಿದೆ: ರಾಜ್ಯದ ನೇಮಕಾತಿ ನಿಯಮದಲ್ಲಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದವರಿಗೆ 38, ಪರಿಶಿಷ್ಟರಿಗೆ 40. ನಿವೃತ್ತಿ 60ಕ್ಕೆ. ಇನ್ನೂ 24 ವರ್ಷ ದುಡಿಯಬಲ್ಲ 36ರ ಹೆಂಗಸಿಗೆ ಬಾಗಿಲು ಮುಚ್ಚಿದ ಹಾಗೆ ಆಯ್ತಲ್ಲ!

ವಯಸ್ಸು ಮೀರುವುದರಲ್ಲಿ ಬೇರೆಯವರ ಪಾಲೂ ಇರುತ್ತೆ. ತೋರಣಗಲ್ಲು ಸೀಮೆಯವರನ್ನು ಕೇಳಿ. 1971ರಲ್ಲಿ ಇಂದಿರಾ ಗಾಂಧಿ ಇಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಆ ಸರ್ಕಾರಿ ಕಾರ್ಖಾನೆ ಬರಲೇ ಇಲ್ಲ. ಜಿಂದಾಲ್ ವಿಜಯನಗರ ಸ್ಟೀಲ್ ಕಂಪನಿ ಹುಟ್ಟಿದ್ದು 1994ರಲ್ಲಿ. ಅಡಿಗಲ್ಲಿನ ದಿನ 20 ಇದ್ದವರಿಗೆ ಅಷ್ಟೊತ್ತಿಗೆ 43. ಪಕ್ಕದ ಕುಡತಿನಿ ಸುತ್ತ 2010ರ ಸುಮಾರಿಗೆ ಮತ್ತೆ ಸಾವಿರಾರು ಎಕರೆ ಜಮೀನು ಉಕ್ಕಿನ ಕಾರ್ಖಾನೆಗಳಿಗೆಂದು ಹೋಯ್ತು. ಕಾರ್ಖಾನೆ ಏಳಲಿಲ್ಲ. 2022ರ ಡಿಸೆಂಬರ್‌ನಲ್ಲಿ ರೈತರು ಧರಣಿ ಕೂತರು. ಜಮೀನು ಹೋದಾಗ 25 ಇದ್ದ ಮಗಳಿಗೆ ಈಗ 40ರ ಆಚೀಚೆ. ತಡ ಮಾಡಿದ್ದು ಯಾರೋ, ವಯಸ್ಸು ಮೀರಿದ್ದು ಇವಳದು! ಭೂಮಿ ಕಳಕೊಂಡ ಮನೆಗೆ ಕೆಲಸದ ಮಾತು ಬಂದಾಗ, ವಯಸ್ಸನ್ನು ಭೂಸ್ವಾಧೀನದ ದಿನಕ್ಕೆ ಲೆಕ್ಕ ಹಾಕಿ ಅಂತ ಪಟ್ಟು ಹಿಡಿಯೋದು ನ್ಯಾಯವೇ ಅನ್ನುತ್ತೇನೆ.

ಸದ್ಯಕ್ಕೆ ನೀವೇನು ಮಾಡಬಹುದು? ಸರ್ಕಾರಿ ಅಧಿಸೂಚನೆಯಲ್ಲಿ ವಯಸ್ಸಿನ ಸಾಲು ನೋಡಿದ್ದೇ ಪೇಪರ್ ಮಡಚಬೇಡಿ, ಸಡಿಲಿಕೆಯ ಭಾಗವನ್ನೂ ಓದಿ. ವಿಧವೆಯರಿಗೆ 10 ವರ್ಷ ಸಡಿಲಿಕೆಯಿದೆ. 2025ರಲ್ಲಿ ಆದ ಹಾಗೆ ಎಲ್ಲರಿಗೂ ಕೆಲವು ವರ್ಷ ಬಿಡುವುದೂ ಉಂಟು. (ಮಕ್ಕಳಿಗಾಗಿ ಕೆಲಸ ಬಿಟ್ಟವಳಿಗೆ ಮಾತ್ರ ಪ್ರತ್ಯೇಕ ಸಡಿಲಿಕೆ ಇಲ್ಲ, ಯಾಕೋ!)

ಖಾಸಗಿ ಕೆಲಸಕ್ಕಾದರೆ ಬಯೋಡೇಟಾ ಹುಟ್ಟಿದ ತಾರೀಖಿನಿಂದ ಶುರುವಾಗೋದು ಬೇಡ, ಮಾಡಿದ ಕೆಲಸದಿಂದ ಶುರುವಾಗಲಿ. ಸುಳ್ಳು ವಯಸ್ಸು ಬರೆಯಬೇಡಿ, ಆಧಾರ್ ಕೊಟ್ಟ ದಿನ ಸಿಕ್ಕಿಬೀಳ್ತೀರಿ. ಹಳೇ ಮಾಲೀಕರು ಅನುಭವ ಪತ್ರ ಕೊಡದಿದ್ದರೆ ಪಿಎಫ್ ಪಾಸ್‌ಬುಕ್ ತೆಗೆದಿಡಿ, ಯಾವ ಯಾವ ತಿಂಗಳು ಹಣ ಕಟ್ಟಿದ್ದಾರೆ ಅನ್ನೋದು ಅದರಲ್ಲಿರುತ್ತೆ. ನಡುವಿನ ಖಾಲಿ ವರ್ಷಗಳಿಗೆ ಒಂದೇ ಸಾಲು ಸಾಕು. ಸ್ವಸಹಾಯ ಸಂಘದ ಲೆಕ್ಕ ಬರೆದಿದ್ದರೆ ಅದನ್ನೂ ಸೇರಿಸಿ.

ಸಂದರ್ಶನದಲ್ಲಿ 'ನಿಮಗಿಂತ ಚಿಕ್ಕವರ ಕೈಕೆಳಗೆ ದುಡೀತೀರಾ?' ಅಂತ ಕೇಳೇ ಕೇಳ್ತಾರೆ. ಮುಖ ಸಣ್ಣ ಮಾಡಬೇಡಿ. 'ದುಡೀತೀನಿ, ಸಂಬಳ ಮಾತ್ರ ಅನುಭವಕ್ಕೆ ತಕ್ಕ ಹಾಗೆ ಇರಲಿ' ಅಂತ ನಗುತ್ತಲೇ ಹೇಳಿ.