ಡಾಂಬರಾದ ಮೇಲೆ ಅಗೆತ!

ಹೊಸ ಡಾಂಬರಿನ ವಾಸನೆ ಹೋಗುವ ಮೊದಲೇ ಜೆ.ಸಿ.ಬಿ. ಬಂದು ನಿಲ್ಲುವುದು ಜಿಲ್ಲಾ ಕೇಂದ್ರಗಳ ಪೇಟೆಬೀದಿಗಳಿಗೆ ಹೊಸತೇನಲ್ಲ. ವ್ಯಾಪಾರಿ ಅಂಗಡಿ ಬಾಗಿಲಿಗೆ ಹಲಗೆ ಹಾಸಿ ಗಿರಾಕಿಯನ್ನು ಕೈಹಿಡಿದು ಒಳಗೆ ಕರಕೊಳ್ಳಬೇಕು. ಬಸ್ಸು ಬೇರೆ ಬೀದಿ ಹಿಡಿದ ಸುದ್ದಿ ತಿಳಿಯದೆ ಸ್ಟಾಪಿನಲ್ಲಿ ನಿಂತವರು ನಿಂತೇ ಇರಬೇಕು. ರಸ್ತೆಯವರನ್ನು ಕೇಳಿದರೆ "ಅದು ನೀರಿನೋರ್ದು ಕಣ್ರೀ" ಎನ್ನುತ್ತಾರೆ. ನೀರಿನವರು "ಕೇಬಲ್‌ನೋರು ಪೈಪ್ ಒಡೆದ್ರೆ ನಾವೇನ್ ಮಾಡೋಣ?" ಎನ್ನುತ್ತಾರೆ. ಕೇಬಲ್ ಗುತ್ತಿಗೆದಾರನ ಉತ್ತರ ಇನ್ನೂ ಸಲೀಸು: "ಅಲ್ಲಿ ಪೈಪ್ ಐತೆ ಅಂತ ಯಾರೂ ಹೇಳ್ಲಿಲ್ಲ."

ಎಷ್ಟೋ ಸಲ ಆತ ಹೇಳುವುದು ನಿಜ! ನೀರಿನ ಪೈಪು, ಒಳಚರಂಡಿ, ಕರೆಂಟಿನ ಕೇಬಲ್, ಟೆಲಿಫೋನ್ ತಂತಿ ಎಲ್ಲವೂ ಒಂದೇ ರಸ್ತೆಯ ಅಡಿಯಲ್ಲಿ ಮಲಗಿದ್ದರೂ ಅವುಗಳ ನಕ್ಷೆಗಳು ಬೇರೆ ಬೇರೆ ಕಚೇರಿಗಳಲ್ಲಿರುತ್ತವೆ. ರಸ್ತೆ ಅಂಚಿನಿಂದ ಇಷ್ಟು ಅಡಿ ಎಂದು ಬರೆದಿಟ್ಟ ಹಳೆಯ ಅಳತೆ, ರಸ್ತೆ ಅಗಲವಾದ ದಿನವೇ ಸುಳ್ಳಾಯಿತು. ಕೆಲವು ಪೈಪುಗಳ ನಕ್ಷೆ ಇರುವುದು ವಾಲ್ವ್ ತಿರುಗಿಸುವವನ ತಲೆಯಲ್ಲಿ ಮಾತ್ರ. ಆತ ನಿವೃತ್ತನಾದರೆ ನಕ್ಷೆಯೂ ನಿವೃತ್ತಿ.

ಹಾಗೆಂದು ಕಂಪ್ಯೂಟರ್ ನಕ್ಷೆ ಇಲ್ಲವೆಂದಲ್ಲ. ಇಲಾಖೆಗಳ ಮಾಹಿತಿಯನ್ನು ಒಂದರ ಮೇಲೊಂದು ಪದರವಾಗಿ ಜೋಡಿಸುವ 'ಕೆ-ಜಿಐಎಸ್' ರಾಜ್ಯ ದೂರ ಸಂವೇದಿ ಕೇಂದ್ರದಲ್ಲಿದೆ. ಕೇಂದ್ರ ಸರ್ಕಾರ 2021ರ ಅಕ್ಟೋಬರ್ 13ರಂದು 'ಗತಿಶಕ್ತಿ' ಆರಂಭಿಸಿತು. 2023ರ ಮಾರ್ಚ್ 22ರಂದು 'ಕಾಲ್ ಬಿಫೋರ್ ಯು ಡಿಗ್' ಎಂಬ ಮೊಬೈಲ್ ಆ್ಯಪ್ ಬಂತು. ಅಗೆಯುವವನು ಜಾಗ ತಿಳಿಸಿದರೆ, ಅಲ್ಲಿ ಪೈಪು-ಕೇಬಲ್ ಇರುವವರಿಗೆ ಸಂದೇಶ ಹೋಗುತ್ತದೆ. ಹೇಳದೆ ಕೇಳದೆ ಅಗೆಯುವುದರಿಂದ ವರ್ಷಕ್ಕೆ ಸುಮಾರು 3,000 ಕೋಟಿ ರೂ. ನಷ್ಟವೆಂದು ಆಗ ಸರ್ಕಾರವೇ ಲೆಕ್ಕ ಕೊಟ್ಟಿತ್ತು. ಹಲಗೆ ಹಾಸಿ ಕೂತ ಅಂಗಡಿಯವನ ಬೋಣಿಯನ್ನು ಲೆಕ್ಕ ಹಾಕಿದವರು ಯಾರು?

ಪದರ ಜೋಡಿಸಲು ಯಂತ್ರವಿದೆ, ಪದರ ಕೊಡಬೇಕಾದ್ದು ಇಲಾಖೆ. ತೊಡಕಿರುವುದೇ ಇಲ್ಲಿ. ತನ್ನ ನಕ್ಷೆ ಕೊಟ್ಟರೆ ತನ್ನ ತಪ್ಪು ಬಯಲಾದೀತೆಂಬ ಅಂಜಿಕೆ ಯಾವ ಕಚೇರಿಗಿಲ್ಲ? ಗುತ್ತಿಗೆದಾರನಿಗೆ ಬಿಲ್ ಆಗುವುದು ಹೂತ ಪೈಪಿನ ಮೀಟರ್ ಲೆಕ್ಕದಲ್ಲಿ. ಹೂತದ್ದೆಲ್ಲಿ ಎಂದು ಸರಿಯಾಗಿ ಗುರುತಿಸಿ ಕೊಡದಿದ್ದರೆ ಕೊನೆಯ ಬಿಲ್ ತಡೆಹಿಡಿಯಲಿ. ಆ್ಯಪ್‌ನಲ್ಲಿ ವಿಚಾರಿಸದವನಿಗೆ ರಸ್ತೆ ಅಗೆಯಲು ಪರವಾನಗಿ ಬೇಡ. ಇದಕ್ಕೆ ಹೊಸ ಕಂಪ್ಯೂಟರೇನೂ ಬೇಕಿಲ್ಲ.

ವರ್ತಕರ ಸಂಘದವರು ನಗರಸಭೆಗೆ ಒಂದು ಅರ್ಜಿ ಹಾಕಿ ನೋಡಬಹುದು: ಕಳೆದ ವರ್ಷ ಪರವಾನಗಿ ಕೊಟ್ಟ ಅಗೆತಗಳೆಷ್ಟು, ಅವುಗಳಲ್ಲಿ ನಕ್ಷೆ ವಾಪಸ್ ಬಂದದ್ದೆಷ್ಟು?